ಅವಳ ಹೊಲಿಗೆ

"ಮಧ್ಯಾಹ್ನ ಮಾವ ಬರ್ತಾನೆ, ಹೊಸ ಸಂಬಂಧದ ಮಾತಾಡೋಕೆ. ನೀನು ಸುಮ್ನೆ ತಲೆಯಾಡಿಸು, ಸಾಕು," ಎನ್ನುತ್ತ ತಾಯಿ ಸೊಸೆಯ ಬಟ್ಟೆಗಳನ್ನು ಚೀಲಕ್ಕೆ ತುರುಕುತ್ತಿದ್ದಳು. ಮಡಚುವಷ್ಟು ಮರ್ಯಾದೆಯನ್ನೂ ಕೊಡುತ್ತಿರಲಿಲ್ಲ. "ಹೊಲಿಗೆ ಬರ್ತಿರಲಿಲ್ಲ, ಸಿಟ್ಟು ಮಾತ್ರ ಮೂಗಿನ ತುದೀಲಿ. ಹೋದ್ಳು, ಒಳ್ಳೇದೇ ಆಯ್ತು."

ಮಗ ಎಂದಿನಂತೆ ಸೂಜಿಗೆ ದಾರ ಪೋಣಿಸುತ್ತ ಕೂತಿದ್ದ. ಹೆಂಡತಿ ಮನೆಬಿಟ್ಟು ಹೋದಂದಿನಿಂದ ತಾಯಿ ಈ ಮಾತನ್ನು ಬೀದಿಗೆಲ್ಲ ಹಂಚುತ್ತಿದ್ದಳು. ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಆದರೆ ಆ ಸುಳ್ಳಿನ ನೆರಳಲ್ಲಿ ಕೂರುವುದು ತಂಪಾಗಿತ್ತು ನೋಡಿ, ಹಾಗಾಗಿ ತುಟಿ ಬಿಚ್ಚಿರಲಿಲ್ಲ.

ಪೇಟೆಯಲ್ಲಿ ಅವನಿಗೆ ಇಂಚುಪಟ್ಟಿ ಎಂದೇ ಹೆಸರು. ಮದುವೆಗೆ ಹೋದರೆ ಊಟಕ್ಕಿಂತ ಮೊದಲು ಮದುಮಗನ ಕೋಟಿನ ಭುಜ ನೋಡುವ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ಅಲ್ಲಿ ಎರಡು ಹೊಲಿಗೆ ಮಿಷಿನ್ನು. ಒಂದರಲ್ಲಿ ಅವನು, ಇನ್ನೊಂದರಲ್ಲಿ ಅವಳು. ಹೆಂಡತಿ ಅಡುಗೆಗೆಂದು ಒಳಗೆ ಹೋದ ಕೂಡಲೇ ಇವನು ಅವಳು ಮುಗಿಸಿದ ಬಟ್ಟೆಯನ್ನು ತೊಡೆಯ ಮೇಲೆ ಹರಡಿ, ಹೊಲಿಗೆ ಬಿಚ್ಚಿ, ತನ್ನ ಕೈಯಾರೆ ಮತ್ತೆ ಹೊಲಿದಿಡುತ್ತಿದ್ದ. ಒಂದು ದಿನ ಅವಳು ಉಪ್ಪಿನ ಕೈಯಲ್ಲೇ ಬಾಗಿಲಿಗೆ ಬಂದು ನೋಡಿಬಿಟ್ಟಳು. "ನಿನಗೆ ಬೇಜಾರಾಗಬಾರದು ಅಂತ ಹೇಳಿರಲಿಲ್ಲ," ಎಂದಿದ್ದ ಈ ಮಹಾನುಭಾವ. ಅವಳು ಕೂಗಾಡಲಿಲ್ಲ. "ಹಾಗಾದ್ರೆ ಇಷ್ಟು ವರ್ಷ ನಾನು ಹೊಲಿದಿದ್ದು ಒಂದೂ ಯಾರ ಮೈಮೇಲೂ ಇಲ್ವಾ...?" ಎಂದಷ್ಟೇ ಕೇಳಿದಳು. ಆ ಸಂಜೆಯೇ ಅಕ್ಕನ ಮನೆಗೆ ಹೋದವಳು ತಿರುಗಿ ಬರಲಿಲ್ಲ.

ತಾಯಿಯ ಚೀಲ ಇನ್ನೂ ತುಂಬಿರಲಿಲ್ಲ, ಅಂಗಡಿಗೆ ಟೀಚರಮ್ಮ ಬಂದರು. ಕೈಯಲ್ಲಿ ಹಿಂದೊಮ್ಮೆ ಇಲ್ಲೇ ಹೊಲಿಸಿದ್ದ ಬೂದು ಬಣ್ಣದ ಕೋಟು.

"ಇಲ್ಲಿ ಹಾಕಿ ನೋಡಿದಾಗ ಹೂವಿನ ಹಾಗಿತ್ತು. ಮನೆಗೆ ತಗೊಂಡು ಹೋಗಿ ಹಾಕ್ಕೊಂಡ್ರೆ ಕೈ ಎತ್ತೋಕೇ ಆಗಲ್ಲ. ಬೋರ್ಡಿನ ಮೇಲೆ ಬರೆಯೋಳು ಅಂತ ನಿಮ್ಮ ಮನೆಯವರಿಗೆ ಹೇಳಿದ್ದೆ. ಅವರು ಗೋಡೆ ಮುಂದೆ ನಿಲ್ಲಿಸಿ, ಬರೆಯೋ ಹಾಗೆ ಕೈ ಆಡಿಸಿ ನೋಡಿದ್ರು ಕೂಡ. ಅವರಿಲ್ವಾ?"

ಅವನು ಕೋಟನ್ನು ಒಳಮಗ್ಗುಲಿಗೆ ತಿರುಗಿಸಿದ. ಕಂಕುಳಿನ ಹೊಲಿಗೆ ಅವನದೇ. ಅವಳು ಅಲ್ಲಿ ಬೇಕೆಂದೇ ಬಟ್ಟೆ ಸಡಿಲ ಬಿಟ್ಟಿದ್ದಳು. ಇವನು ಅದನ್ನು ಅಜಾಗರೂಕತೆ ಎಂದುಕೊಂಡು ಬಿಗಿಮಾಡಿದ್ದ. ಬಟ್ಟೆಯನ್ನು ಅಳೆದಿದ್ದ, ಅದರೊಳಗಿನ ಮನುಷ್ಯಳನ್ನು ನೋಡಿರಲಿಲ್ಲ. ಇಂಥವು ಇನ್ನೆಷ್ಟು ಮನೆಗಳಲ್ಲಿ ಕೊಳೆಯುತ್ತಿವೆಯೋ...

"ಅವಳು ಸರಿಯಾಗೇ ಹೊಲಿದಿದ್ಲು ಟೀಚರ್. ಆಮೇಲೆ ನಾನು ಬಿಚ್ಚಿ ಕೆಡಿಸಿದೆ," ಎಂದ. "ಅವಳ ಅಕ್ಕನ ಮನೆ ಇಲ್ಲೇ ಆಸ್ಪತ್ರೆ ಹಿಂದಿನ ಬೀದೀಲಿ. ಕೋಟು ಅವಳಿಗೇ ಕೊಡಿ. ನಾನು ಮುಟ್ಟಲ್ಲ."

ಮಧ್ಯಾಹ್ನ ಸೋದರಮಾವ ಬಂದು ಕುರ್ಚಿಯಲ್ಲಿ ಕೂತಿದ್ದೇ ತಾಯಿ ಹಳೆಯ ರಾಗ ತೆಗೆದಳು. "ಹೊಲಿಗೆ ಬರ್ತಿರಲಿಲ್ಲ ಕಣೋ ಅವಳಿಗೆ..."

"ಬರ್ತಿತ್ತು ಅಮ್ಮ."

ತಾಯಿ ತಿರುಗಿ ನೋಡಿದಳು.

"ನನಗಿಂತ ಚೆನ್ನಾಗಿ ಬರ್ತಿತ್ತು. ನಾನೇ ಕದ್ದು ಬಿಚ್ತಿದ್ದೆ. ಅದಕ್ಕೇ ಹೋದ್ಲು. ಇನ್ಮೇಲೆ ಈ ಮನೇಲಿ ಅವಳ ಬಗ್ಗೆ ಆ ಮಾತು ಬೇಡ."

"ಹೆತ್ತ ತಾಯಿನ ಸುಳ್ಳುಗಾತಿ ಮಾಡ್ತೀಯೇನೋ...? ನಿನ್ನ ಮಾನ ಉಳಿಸೋಕೆ ತಾನೇ ನಾನು ಊರೆಲ್ಲ ಹೇಳ್ಕೊಂಡು ಬಂದಿದ್ದು?" ತಾಯಿಯ ಕಣ್ಣಲ್ಲಿ ನೀರು ಬಂತು. ಅದು ನಿಜವಾದ ನೀರೇ.

"ಗೊತ್ತಮ್ಮ. ನೀನು ಹೇಳ್ದೆ, ನಾನು ಹೇಳಿಸ್ಕೊಂಡೆ. ನಿನ್ನದಕ್ಕಿಂತ ನನ್ನ ತಪ್ಪೇ ದೊಡ್ಡದು." ಅವನು ಮಾವನ ಕಡೆ ತಿರುಗಿದ. "ಈ ಸಂಬಂಧ ಬೇಡ ಮಾವ. ಇದೇ ಬುದ್ಧಿ ಇಟ್ಕೊಂಡು ಇನ್ನೊಬ್ಬಳನ್ನ ಕರ್ಕೊಂಡು ಬಂದ್ರೆ ಅವಳ ಹೊಲಿಗೆನೂ ಬಿಚ್ತೀನಿ."

ಮಾವ ಕೆಮ್ಮಿ, ಚಪ್ಪಲಿ ಹುಡುಕತೊಡಗಿದ. ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಮಗ ಚೀಲದ ಬಟ್ಟೆಗಳನ್ನೆಲ್ಲ ಹೊರತೆಗೆದು, ಒಂದೊಂದನ್ನೂ ನೀಟಾಗಿ ಮಡಚಿ ಜೋಡಿಸಿಕೊಂಡು ಹೊರಟ.

ಅಕ್ಕನ ಮನೆಯ ವರಾಂಡದಲ್ಲಿ ಅವಳು ಬಾಡಿಗೆ ಮಿಷಿನ್ನಿಟ್ಟುಕೊಂಡು ಹೊಲಿಯುತ್ತಿದ್ದಳು. ಸೊರಗಿದ್ದಳು, ಆದರೆ ಬೆನ್ನು ನೆಟ್ಟಗಿತ್ತು. ಬೂದು ಕೋಟು ಆಗಲೇ ಅಲ್ಲಿ ತೂಗುತ್ತಿತ್ತು. ಅವನು ಚೀಲವನ್ನು ಮೆಟ್ಟಿಲ ಮೇಲಿಟ್ಟು ನಿಂತ.

"ಕರ್ಕೊಂಡು ಹೋಗೋಕೆ ಬಂದ್ರಾ?" ಅವಳು ತಲೆಯೆತ್ತದೆ ಕೇಳಿದಳು.

"ಇಲ್ಲ. ನಿನ್ನ ಬಟ್ಟೆ ಕೊಡೋಕೆ. ಮತ್ತೆ... ಒಂದು ಮಾತು ಹೇಳೋಕೆ. ಕೆಲಸ ಸರಿಮಾಡ್ತಿದೀನಿ ಅಂತ ನನಗೆ ನಾನೇ ಹೇಳ್ಕೋತಿದ್ದೆ. ಅದು ಸುಳ್ಳು. ನೀನು ನನಗಿಂತ ಚೆನ್ನಾಗಿ ಹೊಲೀತೀಯ ಅನ್ನೋ ಭಯ ನನಗೆ. ಅಮ್ಮನಿಗೂ ಮಾವನಿಗೂ ಇವತ್ತು ನಿಜ ಹೇಳ್ದೆ. ಪೇಟೆಯವರಿಗೂ ಹೇಳ್ತೀನಿ."

ಅವಳ ಕಣ್ಣು ತುಂಬಿತು, ಆದರೆ ಕೈ ನಿಲ್ಲಲಿಲ್ಲ. "ಟೀಚರ್ ಹೇಳಿದ್ರು. ನಂಬೋಕಾಗಲಿಲ್ಲ." ಬಟ್ಟೆಯನ್ನು ಸೂಜಿಯ ಕೆಳಗೆ ಮುಂದಕ್ಕೆ ಸರಿಸುತ್ತ, "ಆದ್ರೂ ನಾನು ಬರಲ್ಲ," ಎಂದಳು.

"ಗೊತ್ತು."

ಆದರೂ ನಿಂತೇ ಇದ್ದ. ಅವಳು ಹೊಲಿಯುತ್ತಿದ್ದ ಲಂಗದ ಅಂಚು ಸೂಜಿಯ ಕೆಳಗೆ ತುಸುವೇ ವಾಲುತ್ತಿತ್ತು. ಅವನ ಬೆರಳುಗಳು ತಾವಾಗಿಯೇ ಮುಂದೆ ಬಂದವು. ಅವುಗಳನ್ನು ಎಳೆದು ಬೆನ್ನ ಹಿಂದೆ ಕಟ್ಟಿಕೊಂಡ. ಅವಳು ಅದನ್ನು ಕಂಡಳು, ಮಿಷಿನ್ನು ನಿಲ್ಲಿಸಿದಳು.

"ಏನೋ ಕಾಣಿಸ್ತು ಅಲ್ವಾ?"

"ಕಾಣಿಸ್ತು. ನೀನು ಕೇಳಿದ್ರೆ ಹೇಳ್ತೀನಿ."

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಇಷ್ಟು ವರ್ಷಗಳಲ್ಲಿ ಅವನು ಅವಳಿಗೆ ಬಿಟ್ಟುಕೊಟ್ಟ ಮೊದಲ ತೀರ್ಮಾನ ಅದು. ಆಮೇಲೆ ಲಂಗವನ್ನು ತಾನೇ ಬೆಳಕಿಗೆ ಹಿಡಿದು ಬಗ್ಗಿ ನೋಡತೊಡಗಿದಳು.

ಅವಳು ಕೇಳಲಿಲ್ಲ. ಅವನು ಹೇಳಲಿಲ್ಲ. ಮೆಟ್ಟಿಲಿಳಿದು, ಗೇಟನ್ನು ಸದ್ದಾಗದಂತೆ ಹಾಕಿಕೊಂಡು ಅಂಗಡಿಯ ಕಡೆ ನಡೆದ.