ಬುಡದ ಮೇಲಿನ ಕಪ್ಪು ಗೀರು

ಅಂಗಳದ ಮರ ಉರುಳಿ ಹೊಲಿಗೆ ಕೋಣೆಯನ್ನು ಅಪ್ಪಚ್ಚಿ ಮಾಡಿತ್ತು. ಬಟ್ಟೆ ತಲುಪಿಸಲು ಹೋಗಿದ್ದ ಟೈಲರಮ್ಮ ಮರಳಿ ಬಂದಾಗ ಹೆಂಚಿನ ರಾಶಿಯಡಿ ಮಗಳು ನರಳುತ್ತಿದ್ದಳು. ತೋಳು ಮುರಿದಿತ್ತು. ಮೇಜಿನಡಿ ಸಿಕ್ಕಿಕೊಂಡಿದ್ದರಿಂದ ಜೀವ ಉಳಿದಿತ್ತು.

ಮರ ತಾನಾಗಿ ಬಿದ್ದದ್ದಲ್ಲ. ಯಾರೋ ಹಾಡಹಗಲೇ ಬುಡಕ್ಕೆ ಚೈನ್‌ಸಾ ಹಾಕಿದ್ದರು. ಗೋಡೆಯಾಚೆ ಮರದ ಡಿಪೋ. ಆ ಸದ್ದಿಗೆ ಬೀದಿಯಲ್ಲಿ ಯಾರೂ ಕಿವಿಗೊಡುತ್ತಿರಲಿಲ್ಲ.

"ಡಿಪೋದವನದೇ ಕೆಲಸ," ಎಂದ ಪಕ್ಕದ ಮನೆಯ ಭಾವ, ಟೈಲರಮ್ಮನ ತೀರಿಹೋದ ಗಂಡನ ಅಣ್ಣ. "ಮರ ಮಾರು ಅಂತ ಪೀಡಿಸ್ತಿದ್ದ. ಇಂಥವರನ್ನ ಒಳಗೆ ಹಾಕ್ಬೇಕು ಮೇಡಂ."

ಇನ್ಸ್‌ಪೆಕ್ಟರ್ ಅವನ ಗರಿಗರಿ ಅಂಗಿಯನ್ನು ನೋಡಿದಳು. ತಮ್ಮನ ಮಗಳು ಆಸ್ಪತ್ರೆಯಲ್ಲಿ. ಈತ ಸೆಂಟು ಹಾಕಿಕೊಂಡು ಬಂದಿದ್ದಾನೆ.

"ನಿಮ್ಮ ಹತ್ರಾನೂ ಚೈನ್‌ಸಾ ಇದೆಯಂತೆ?"

ಭಾವನ ಮುಖ ಅರಳಿತು. ಮಗು ಎತ್ತಿ ತರುವಂತೆ ಎತ್ತಿ ತಂದ. "ಅಂಗಡೀಲಿ ಚಿಕ್ಕವು ತೋರಿಸಿದ್ರು. ಎಲ್ಲಕ್ಕಿಂತ ದೊಡ್ಡದು ಕೊಡಿ ಅಂದೆ."

"ಏನು ಕೊಯ್ಯೋಕೆ?"

"ಒಲೆಗೆ ಸೌದೆ."

"ಮಣಿಕಟ್ಟಿನಷ್ಟು ದಪ್ಪದ ಸೌದೆಗೆ ಇದು?"

"ನಮ್ಮ ಅಂತಸ್ತಿಗೆ ತಕ್ಕ ಹಾಗೆ ಇರಬೇಡ್ವೆ?"

"ಓಡಿಸಿದ್ದೀರಾ?"

"ಎಲ್ಲಿ — ಇನ್ನೂ ಪೆಟ್ರೋಲೇ ಹಾಕಿಲ್ಲ."

ಪೇದೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ. ಒಣಗಿತ್ತು. ಡಿಪೋದವನ ಯಂತ್ರವೋ, ಎಣ್ಣೆ, ಮರದ ಪುಡಿ ಮೆತ್ತಿಕೊಂಡು ಒಡೆಯನ ವಿರುದ್ಧ ಸಾಕ್ಷಿ ಹೇಳುವಂತಿತ್ತು.

"ಡಿಪೋದವನನ್ನ ಜೀಪಿಗೆ ಹತ್ತಿಸ್ಲಾ ಮೇಡಂ?" ಎಂದ ಪೇದೆ.

"ತಡಿ. ಬುಡದಲ್ಲಿ ಆ ಕಪ್ಪು ಗೀರು ಏನದು?"

"ಹಳೇದು. ಯಾರೋ ಕಸ ಸುಟ್ಟಿರ್ಬೇಕು."

ಇನ್ಸ್‌ಪೆಕ್ಟರ್ ಬೆರಳಾಡಿಸಿದಳು. ಮಸಿ ಬೆರಳಿಗೆ ಅಂಟಿತು. ಹೊಸದು. ಅವಳು ಭಾವನ ಯಂತ್ರದ ಪಕ್ಕದ ಮುಚ್ಚಳ ಬಿಚ್ಚಿ, ಚೈನು ಕಳಚಿ, ಅದು ಸುತ್ತುವ ಪಟ್ಟಿಯನ್ನು ಬೆಳಕಿಗೆ ಹಿಡಿದಳು.

"ಓಡಿಸೇ ಇಲ್ಲ ಅಂದ್ರಿ. ಪಟ್ಟಿಯ ಅಂಚು ಕಾದು ನೀಲಿಗಟ್ಟಿದೆಯಲ್ಲ?"

ಭಾವ ಅಂಗಿಯ ತೋಳು ಸರಿಪಡಿಸಿಕೊಂಡ.

"ನಾನು ಹೇಳ್ತೀನಿ. ಚೈನಿನ ಹಲ್ಲು ಒಂದೇ ದಿಕ್ಕಿಗೆ ಕೊಯ್ಯುತ್ತೆ. ನೀವು ಅದನ್ನ ಹಿಂದುಮುಂದು ಹಾಕಿದ್ರಿ. ಕೊಯ್ಯಲಿಲ್ಲ, ಉಜ್ಜಿ ಉಜ್ಜಿ ಮರ ಸುಟ್ಟಿತು. ಅದೇ ಈ ಗೀರು. ತಪ್ಪು ಹೊಳೆದ ಮೇಲೆ ಚೈನು ತಿರುಗಿಸಿ, ನಾಲ್ಕು ಬೆರಳು ಮೇಲೆ ಹೊಸದಾಗಿ ಕೊಯ್ದಿದ್ದೀರಿ. ಆಮೇಲೆ ಟ್ಯಾಂಕಿನ ಪೆಟ್ರೋಲು ಚೆಲ್ಲಿ, ಮೇಲೆಲ್ಲ ಒರೆಸಿ ಇಟ್ರಿ. ಒಳಗೆ ನೋಡಬೇಕು ಅಂತ ಹೊಳೀಲೇ ಇಲ್ಲ. ದಿನಾ ಮರ ಕೊಯ್ಯೋ ಡಿಪೋದವನು ಕಣ್ಣು ಕಟ್ಟಿದ್ರೂ ಚೈನು ಉಲ್ಟಾ ಹಾಕಲ್ಲ. ಅಂತಸ್ತು ನೋಡಿ ಮಷಿನ್ ತರೋವ್ನು ಹಾಕ್ತಾನೆ. ಆ ಕೋಣೆ ಯಾಕೆ ಬೀಳ್ಬೇಕಿತ್ತು?"

ಉತ್ತರ ಕೊಟ್ಟದ್ದು ಟೈಲರಮ್ಮ. "ಕಾರು ನಿಲ್ಸೋಕೆ ಜಾಗ ಬಿಡು ಅಂತಿದ್ರು. ನಾನು ಒಪ್ಪಿರ್ಲಿಲ್ಲ."

"ಅವಳು ಹೊರಗೆ ಹೋದದ್ದು ನೋಡ್ಕೊಂಡೇ ನಾನು —" ಭಾವ ನಾಲಿಗೆ ಕಚ್ಚಿಕೊಂಡ. ಪೇದೆ ಅವನ ತೋಳು ಹಿಡಿದ.

"ನನ್ನ ಕಾರಲ್ಲೇ ಬರ್ತೀನಿ. ಜೀಪಲ್ಲಿ ಹೋದ್ರೆ ಜನ ನೋಡ್ತಾರೆ."

"ನೋಡ್ಲಿ," ಎಂದಳು ಇನ್ಸ್‌ಪೆಕ್ಟರ್. ಇಂಥವನಿಗೆ ಅದಕ್ಕಿಂತ ಹೆಚ್ಚು ಮಾತು ದಂಡವೆನಿಸಿತು.

ಟೈಲರಮ್ಮ ದಾರಿಗೆ ಅಡ್ಡ ನಿಂತಳು. ಭಾವನ ಮುಖವನ್ನು ಅವಳು ನೇರ ನೋಡಿದ್ದು ಅದೇ ಮೊದಲು.

"ಮಗು ಕಣ್ಣು ಬಿಟ್ಟ ಕೂಡ್ಲೇ, ಯಾರಮ್ಮ ಹೀಗೆ ಮಾಡಿದ್ದು ಅಂತ ಕೇಳ್ತಾಳೆ. ದೊಡ್ಡಪ್ಪ ಅಂತ ಹೇಳ್ಲಾ? ಇಲ್ಲ, ಆ ಪದಾನೇ ಇನ್ನು ಬೇಡ್ವಾ?"