ನಟ್ಟಿನ ಅಡಿಯ ಕುಂಕುಮ

2025ರ ಅಕ್ಟೋಬರ್ 2, ಗುರುವಾರ, ವಿಜಯದಶಮಿ. ಸಂಜೆ 7 ಗಂಟೆ 10 ನಿಮಿಷಕ್ಕೆ ಮೊರಬದ ಮೈಲಾರಪ್ಪ ಠಾಣೆಯ ಮೆಟ್ಟಿಲು ಹತ್ತಿದ. ಅಂಗಿಯ ತುಂಬ ರಕ್ತವಿತ್ತು, ಅವನದಲ್ಲ. ಊರ ಹೊರಗಿನ ಬನ್ನಿಗಿಡದ ಹತ್ತಿರ ಜನ ಬನ್ನಿ ಹಂಚುತ್ತಿದ್ದಾಗ ಬೀರೇಶ ಎಂಬವನು ಹಳೆಯ ಕಾರೊಂದನ್ನು ಗುಂಪಿನ ಮೇಲೆ ನುಗ್ಗಿಸಿದ್ದ. ಮೈಲಾರಪ್ಪನ ತಾಯಿ ರೇವವ್ವ, ವಯಸ್ಸು 68, ಸ್ಥಳದಲ್ಲೇ ತೀರಿಕೊಂಡಿದ್ದಳು. ಎಂಟು ದಿನದ ಹಿಂದೆ ಹೊಲದ ಬದುವಿನ ಜಗಳದಲ್ಲಿ ಬೀರೇಶ ‘ನಿಮ್ಮನ್ನ ನೋಡ್ಕೋತೇನಿ’ ಎಂದಿದ್ದನ್ನು ಅರ್ಧ ಊರೇ ಕೇಳಿತ್ತು.

ಇನ್ಸ್‌ಪೆಕ್ಟರ್ ಅರುಣಾ ದೂರು ಬರೆಸಿಕೊಂಡು, ಕೊಲೆಯ ಕಲಂ ಹಚ್ಚಿ ಎಫ್‌ಐಆರ್ ದಾಖಲಿಸಿದಳು. ಅಷ್ಟರಲ್ಲಿ ಊರವರ ಕೈಯಲ್ಲಿ ಸಿಕ್ಕು ಹಣ್ಣುಗಾಯಿಯಾಗಿದ್ದ ಬೀರೇಶನನ್ನು ಜೀಪಿನಲ್ಲಿ ತಂದು ಕೂರಿಸಿದ್ದರು.

“ಏನಾತು?”

“ಸ್ಟೇರಿಂಗ್ ತಿರುವಿದ್ನಿರಿ. ಗಾಲಿ ತಿರುಗಲಿಲ್ರಿ.”

“ಗಾಲಿ ತಾನಾಗೇ ಮೈಲಾರಪ್ಪನ ಅವ್ವನ್ನ ಹುಡುಕ್ಕೊಂಡು ಹೋತೇನು?”

ಕೊಠಡಿಯಲ್ಲಿದ್ದ ಕಾನ್‌ಸ್ಟೆಬಲ್ ಒಬ್ಬ ನಕ್ಕ. ಬ್ರೇಕ್ ಹತ್ತಲಿಲ್ಲ, ಸ್ಟೇರಿಂಗ್ ಹೊರಳಲಿಲ್ಲ ಎಂಬುದು ಅಪಘಾತ ಮಾಡಿದ ಪ್ರತಿಯೊಬ್ಬನ ಬಾಯಿಪಾಠ. ಹನ್ನೊಂದು ವರ್ಷದ ನೌಕರಿಯಲ್ಲಿ ಅದನ್ನು ಕೇಳಿ ಕೇಳಿ ಅರುಣಾಳ ಕಿವಿ ದಪ್ಪವಾಗಿತ್ತು. ತಾನು ಆಡಿದ ಆ ಮಾತು ಮುಂದೆ ತನ್ನನ್ನೇ ಎಷ್ಟು ಚುಚ್ಚಲಿದೆ ಎಂದು ಆಗ ಅವಳಿಗೆ ತಿಳಿದಿರಲಿಲ್ಲ.

ಕಾರು ನಿವೃತ್ತ ಶಿಕ್ಷಕಿ ಶಾಂಭವಿಯವರದು. ತೀರಿಹೋದ ಗಂಡ ಪ್ರೀತಿಯಿಂದ ಇಟ್ಟುಕೊಂಡಿದ್ದ ಅರವತ್ತು ವರ್ಷದ ಹಿಂದಿನ ಗಾಡಿ. ಅಂಥ ಗಾಡಿಗಳ ಬಿಡಿಭಾಗ ತಯಾರಾಗುವುದು ನಿಂತು ಎಷ್ಟೋ ಕಾಲವಾಗಿದೆ. ಅದನ್ನು ಸಜ್ಜು ಮಾಡಿದವನು ಮೊರಬದ ಅಂಚಿನಲ್ಲಿ ಶೆಡ್ಡು ಹಾಕಿಕೊಂಡಿರುವ ಸಿದ್ಧಾರೂಢ. ಸವೆದ ಭಾಗವನ್ನು ಸ್ಕ್ಯಾನರಿನಿಂದ ಅಳೆದು, ಕಂಪ್ಯೂಟರಿನಲ್ಲಿ ಸವಕಳಿ ತುಂಬಿ, ಮೊದಲು ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ತೆಗೆದು ಗಾಡಿಗೆ ಕೂರಿಸಿ ನೋಡುತ್ತಾನೆ. ಅಳತೆ ಸರಿಯಾದರೆ ಉಕ್ಕಿನಲ್ಲಿ ಮಾಡುತ್ತಾನೆ. ಪುಣೆ, ಬೆಳಗಾವಿಯಿಂದಲೂ ಅವನಿಗೆ ಪಾರ್ಸೆಲ್ ಬರುತ್ತವೆ.

ಮರುದಿನ ಬೆಳಿಗ್ಗೆ 7-30ರಿಂದ 8-45ರವರೆಗೆ ಸ್ಥಳ ಪಂಚನಾಮೆ. ಜಪ್ತಿಯಾದವು ನಾಲ್ಕು: ಮೃತಳ ಚಪ್ಪಲಿ, ದೀಪದ ಗಾಜು, ರಕ್ತದ ಮಣ್ಣು, ಒಂದು ಕಪ್ಪು ಪ್ಲಾಸ್ಟಿಕ್ ಚೂರು. ನಾಲ್ಕನೆಯದನ್ನು ಅರುಣಾ ಕೈಗೂ ತೆಗೆದುಕೊಳ್ಳದೆ, ‘ಅದನ್ನೂ ಬರೀರಿ’ ಎಂದು ಎಎಸ್‌ಐ ಮಡಿವಾಳೆಪ್ಪನಿಗೆ ಹೇಳಿದ್ದಳು.

ಠಾಣೆಗೆ ಮರಳಿದಾಗ ಸಿದ್ಧಾರೂಢ ಕಾಯುತ್ತಿದ್ದ. ಠಾಣೆಯ ಹಿತ್ತಲಿಗೆ ಎಳೆದು ತಂದಿದ್ದ ಕಾರಿನ ಡಿಕ್ಕಿಯಲ್ಲಿ ನಟ್ಟು ಬಿಚ್ಚುವ ತನ್ನ ಪಾನಾ, ಜಾಕು ಉಳಿದಿವೆ, ಒಯ್ಯಲೇ ಎಂದು ಕೇಳಿದ. ಅರುಣಾಳ ಕಿವಿಯಲ್ಲಿ ಡಿವೈಎಸ್‌ಪಿಯವರ ಫೋನಿತ್ತು. ಹೋಗು ಎಂದು ಕೈಮಾಡಿದಳು. ಸಮಯ 10-20. ಅವನು ಎಷ್ಟು ಹೊತ್ತು ಹಿತ್ತಲಲ್ಲಿದ್ದ, ಏನು ಮಾಡಿದ ಎಂದು ಯಾರೂ ನೋಡಲಿಲ್ಲ. ಮಧ್ಯಾಹ್ನ 3ಕ್ಕೆ ಬಂದ ಮೋಟಾರು ವಾಹನ ನಿರೀಕ್ಷಕರು ಕಾರು ಪರೀಕ್ಷಿಸಿ, ಸ್ಟೇರಿಂಗ್ ಜೋಡಣೆ ಸುಸ್ಥಿತಿಯಲ್ಲಿದೆ ಎಂದು ವರದಿ ಕೊಟ್ಟರು. ಬೀರೇಶ ಧಾರವಾಡದ ಜೈಲು ಸೇರಿದ.

ನಾಲ್ಕನೇ ತಾರೀಕಿನಿಂದ ಬೀರೇಶನ ತಾಯಿ ಮಲ್ಲಕ್ಕ ದಿನವೂ ಬಂದು ಠಾಣೆಯ ಬೇವಿನ ಗಿಡದ ಕೆಳಗೆ ಕೂರತೊಡಗಿದಳು. ಅಳುತ್ತಿರಲಿಲ್ಲ, ಕಾಲು ಹಿಡಿಯುತ್ತಿರಲಿಲ್ಲ. ಒಮ್ಮೆ ಮಾತ್ರ, “ಅಲ್ಲೆ ಹೊಟ್ಟಿ ತುಂಬ ಕೊಡ್ತಾರೇನ್ರಿ?” ಎಂದು ಕೇಳಿದ್ದಳು. ಕೊಡ್ತಾರವ್ವ ಎಂದು ಅರುಣಾ ಒಳಗೆ ಬಂದುಬಿಟ್ಟಿದ್ದಳು.

ಅಕ್ಟೋಬರ್ 11, ಶನಿವಾರ. ಜಪ್ತಿ ವಸ್ತುಗಳನ್ನು ಪ್ರಯೋಗಾಲಯಕ್ಕೆ ಕಳಿಸಲು ಸಹಿ ಮಾಡುತ್ತಿದ್ದ ಅರುಣಾ ನಾಲ್ಕನೇ ಪೊಟ್ಟಣದ ಮುಂದೆ ತಡೆದಳು. ತಾನೇ ಬರೆಸಿದ್ದು, ತಾನೇ ನೋಡಿರದ್ದು. ಪಂಚರನ್ನು ಕರೆಸಿ, ಅವರೆದುರು ಪೊಟ್ಟಣ ಬಿಚ್ಚಿದಳು. ನಾಲ್ಕು ಬೆರಳಗಲದ ಚೂರು. ಮೈಮೇಲೆ ನೂಲು ಸುತ್ತಿಟ್ಟಂತೆ ಸಣ್ಣ ಸಣ್ಣ ಗೆರೆ, ಒಂದು ತುದಿಯಲ್ಲಿ ಒಡೆದ ಅರ್ಧ ತೂತು, ತೂತಿನ ಒಳಗೆ ಹಲ್ಲು. ಇದು ಮಕ್ಕಳ ಆಟಿಕೆಯ ಚೂರಲ್ಲ ಎಂದು ಗೊತ್ತಾಗಲು ಪೊಲೀಸ್ ತರಬೇತಿಯೇನೂ ಬೇಕಿರಲಿಲ್ಲ. ಕಣ್ಣಿದ್ದರೆ ಸಾಕಿತ್ತು.

ನಲವತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದ ಕಾಸೀಮಸಾಬನನ್ನು ಕರೆಸಿದರು. ಅವನು ಚೂರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

“ಇದು ಸ್ಟೇರಿಂಗಿನ ಆರ್ಮ್‌ರಿ. ನೀವು ಸ್ಟೇರಿಂಗ್ ತಿರುವಿದ್ರ ಗಾಲಿ ಹೊರಳಸೂದು ಇದ. ಆದ್ರ ಇದು ಉಕ್ಕಿಂದು ಇರಬೇಕ್ರಿ.”

“ಪ್ಲಾಸ್ಟಿಕಿಂದು ಹಾಕಿ ಓಡಿಸಿದ್ರ?”

“ಶೆಡ್ಡಿನ್ಯಾಗ ಆ ಕಡೆ ಈ ಕಡೆ ದಬ್ಬಬಹುದ್ರಿ. ರಸ್ತಾಕ್ಕ ಬಿಟ್ರ ಮುರೀತೈತಿ.”

ಸಂಜೆ 4-30. ಮೋಟಾರು ವಾಹನ ನಿರೀಕ್ಷಕರು ಹಾಗೂ ಅದೇ ಪಂಚರ ಎದುರು ಕಾಸೀಮಸಾಬ ಕಾರಿನ ಕೆಳಗೆ ತೂರಿ ಆರ್ಮ್ ಬಿಚ್ಚಿ ತಂದ. ಉಕ್ಕಿನದು, ಹೊಸದು, ಎಲ್ಲೂ ಬಿರುಕಿಲ್ಲ. ಆದರೆ ನಟ್ಟು ಕೂರುವ ಜಾಗದಲ್ಲಿ, ವಾಷರಿನ ಅಡಿ, ದುಂಡಗೆ ಒತ್ತಿಕೊಂಡ ಕುಂಕುಮ. ಹಲ್ಲುಗಳ ಸಂದಿಯಲ್ಲಿ ವಿಭೂತಿ.

ಕಾಸೀಮಸಾಬ ಅದನ್ನು ನೆಲಕ್ಕಿಡದೆ ಅಂಗೈಯಲ್ಲೇ ಹಿಡಿದುಕೊಂಡ. ತನ್ನ ಗ್ಯಾರೇಜಿನಲ್ಲೂ ಮಹಾನವಮಿಗೆ ಹುಡುಗರು ಖಂಡೇಪೂಜೆ, ಅಂದರೆ ಆಯುಧಪೂಜೆ, ಮಾಡುತ್ತಾರೆ, ಪೂಜೆಗೆ ಕೂತ ಸಾಮಾನನ್ನು ಮರುದಿನ ಬನ್ನಿ ಮುಗಿಯುವವರೆಗೆ ಯಾರೂ ಮುಟ್ಟುವುದಿಲ್ಲ, ಒಂದು ಸ್ಕ್ರೂ ಬಿಗಿಯುವುದಕ್ಕೂ ಪಾನಾ ಎತ್ತುವುದಿಲ್ಲ ಎಂದು ವಿವರಿಸಿದ. ಮಡಿವಾಳೆಪ್ಪ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದ. ಕಾರು ಗುದ್ದಿದ್ದು ಬನ್ನಿ ನಡೆಯುತ್ತಿದ್ದಾಗ. ಆ ಹೊತ್ತಿಗೆ ಈ ಆರ್ಮ್ ಪೂಜೆಯ ಮಣೆಯ ಮೇಲಿರಬೇಕಿತ್ತು. ಹಾಗಾದರೆ ಆಮೇಲೆ ಇದು ಕಾರಿಗೆ ಬಂದದ್ದು ಯಾವಾಗ? ಉತ್ತರ ಅರುಣಾಳಿಗೆ ಒಬ್ಬಳಿಗೇ ಗೊತ್ತಿತ್ತು. ಮೂರನೇ ತಾರೀಕು ಸಿದ್ಧಾರೂಢನಿಗೆ ಹೋಗು ಎಂದು ಕೈಮಾಡಿದ್ದು ಅವಳೇ.

ಭಾನುವಾರ ಶಾಂಭವಿಯವರ ಹೇಳಿಕೆಯಾಯಿತು. ಗಂಡ ಇದ್ದಾಗ ಪ್ರತಿ ದಸರೆಗೂ ಇಬ್ಬರೂ ಆ ಕಾರಿನಲ್ಲೇ ಬನ್ನಿಗೆ ಹೋಗುತ್ತಿದ್ದರು. ಈ ಸಲವಾದರೂ ಹೋಗಬೇಕೆಂದು ಆ ದಿನ ನಾಲ್ಕು ಸಲ ಸಿದ್ಧಾರೂಢನಿಗೆ ಫೋನು ಮಾಡಿದ್ದರು. ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತು, ಕಾರು ತರಲು ಗಾಡಿ ಓಡಿಸಲು ಬರುತ್ತಿದ್ದ ಬೀರೇಶನನ್ನು ಕಳಿಸಿದ್ದರು. ಕಾರು ಅವರ ಮನೆ ಮುಟ್ಟಲೇ ಇಲ್ಲ.

ಅಕ್ಟೋಬರ್ 13, ಸೋಮವಾರ. ನೋಟಿಸಿನಂತೆ ಸಿದ್ಧಾರೂಢ ಬೆಳಿಗ್ಗೆ 11ಕ್ಕೆ ಸರಿಯಾಗಿ ಬಂದ. ಅರುಣಾ ಕಿಟಕಿಯಿಂದ ನೋಡುತ್ತಿದ್ದಳು. ಅವನ ಬೈಕಿನ ಹಿಂದಿನ ಸೀಟಿನಿಂದ ಮಲ್ಲಕ್ಕ ಇಳಿದು, ಸೆರಗು ಸರಿಮಾಡಿಕೊಂಡು, ಬೇವಿನ ಗಿಡದ ಕಡೆ ನಡೆದಳು.

“ಕಾರು ಶೆಡ್ಡಿನಿಂದ ಎಷ್ಟಕ್ಕ ಹೋತು?”

“ಐದೂ ಇಪ್ಪತ್ತಕ್ರಿ.”

ಅರುಣಾ ಫೋನು ಮುಂದಿಟ್ಟಳು. ಅವನೇ ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದ ಪೂಜೆಯ ಫೋಟೋ. ಬನ್ನಿಯ ದಿನ ಅದನ್ನು ಉಳಿಸಿಕೊಂಡಿದ್ದ ಶಾಂಭವಿಯವರು ಕೊಟ್ಟದ್ದು. ಪಾನಾ, ಸುತ್ತಿಗೆ, ಸ್ಕ್ಯಾನರುಗಳ ನಡುವೆ, ಎಲ್ಲಕ್ಕಿಂತ ಮೇಲೆ, ಕುಂಕುಮ ಹಚ್ಚಿದ ಹೊಸ ಆರ್ಮ್.

“ಬನ್ನಿ ದಿನ ಈ ಫೋಟೋ ಹೊಡದು ಸ್ಟೇಟಸ್ಸಿಗೆ ಹಾಕಿದ್ದು ಎಷ್ಟಕ್ಕ?”

“ಐದಕ್ಕ.”

“ಐದಕ್ಕ ಈ ಆರ್ಮ್ ಪೂಜಿಗೆ ಕೂತಿದ್ರ, ಐದೂ ಇಪ್ಪತ್ತಕ್ಕ ಕಾರಿನ್ಯಾಗ ಏನಿತ್ತು?”

ಸಿದ್ಧಾರೂಢ ಫೋನನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ಆಮೇಲೆ ಹೇಳಿದ್ದನ್ನು ಮಡಿವಾಳೆಪ್ಪ ಸ್ವಇಚ್ಛಾ ಹೇಳಿಕೆಯಾಗಿ ಬರೆದುಕೊಂಡ. ಉಕ್ಕಿನ ಆರ್ಮ್ ತಯಾರಾದದ್ದು ಮಹಾನವಮಿಯ ಬೆಳಿಗ್ಗೆ. ಅದುವರೆಗಿನ ಅವನ ಕೆಲಸದಲ್ಲೇ ಅಷ್ಟು ಚೆಂದದ್ದು ಇರಲಿಲ್ಲ. ಕಾರಿಗೆ ಹಾಕುವ ಮೊದಲು ದೇವರ ಮುಂದೆ ಇಡಬೇಕೆನಿಸಿ ಪೂಜೆಗೆ ಕೂರಿಸಿದ. ಅಳತೆ ನೋಡಲು ಹಾಕಿದ್ದ ಪ್ಲಾಸ್ಟಿಕ್ ಆರ್ಮ್ ಕಾರಿನಲ್ಲೇ ಉಳಿಯಿತು. ಬಣ್ಣವೂ ಕಪ್ಪೇ, ಬೇರೆಯವರಿಗೆ ಗುರುತು ಸಿಗುವಂಥದ್ದಲ್ಲ. ಬನ್ನಿ ಮುಗಿದ ಮೇಲೆ ಬದಲಿಸಿದರಾಯಿತು ಎಂದುಕೊಂಡಿದ್ದ. ಅಷ್ಟರಲ್ಲಿ ಬೀರೇಶ ಬಂದು ನಿಂತ.

“ಬ್ಯಾಡ ಅನ್ನಬೇಕಿತ್ತಲ್ಲ?”

“ಶಾಂಭವಿ ಅಕ್ಕಾರು ಸೀರಿ ಉಟ್ಟು ಬಾಗಲದಾಗ ನಿಂತಾರ ಅಂದನ್ರಿ ಅಂವ. ಆಗಿಲ್ಲ ಅನ್ನಾಕ ಬಾಯಿ ಬರಲಿಲ್ರಿ. ಪೂಜಿ ಎಬ್ಬಿಸಿ ಪಾನಾ ಹಿಡಿಯಾಕ ಕೈನೂ ಬರಲಿಲ್ಲ. ಸಾವಕಾಶ ಹೋಗು ಅಂದೆ, ಅಷ್ಟ. ಒಂದ್ ಕಿಲೋಮೀಟರಿಗೆ ಏನಾಗತೈತಿ ಅನಿಸ್ತು.”

“ಬೀರೇಶ ಜೈಲಿಗೆ ಹೋದ ಮ್ಯಾಲೆ?”

“ದಿನಾ ಹೇಳಬೇಕಂತನ ಬರತಿದ್ದೆರಿ. ಗೇಟಿನ ತನಕ ಬಂದು, ಮಲ್ಲಕ್ಕನ್ನ ಇಳಿಸಿ, ಹೊಳ್ಳಿ ಹೋಗತಿದ್ದೆ.”

ಹೇಳಿಕೆ, ಮೂರನೇ ತಾರೀಕು ಹಿತ್ತಲಲ್ಲಿ ಮುರಿದ ಪ್ಲಾಸ್ಟಿಕ್ ಆರ್ಮ್ ಬಿಚ್ಚಿ ಉಕ್ಕಿನದು ಹಾಕಿದ ಭಾಗಕ್ಕೆ ಬಂದಾಗ ಮಡಿವಾಳೆಪ್ಪ ಪೆನ್ನೆತ್ತಿ ಅರುಣಾಳ ಮುಖ ನೋಡಿದ. ಸಿಬ್ಬಂದಿಯ ಕಣ್ಣು ತಪ್ಪಿಸಿ ಎಂದು ಬರೆಯಲೇ ಎಂದು ಮೆಲ್ಲಗೆ ಕೇಳಿದ. ಅದನ್ನು ಕೇಳಿಸಿಕೊಂಡ ಸಿದ್ಧಾರೂಢನೂ ತಲೆ ಎತ್ತಿದ.

“ಹಂಗ ಬರೀರಿ ಮೇಡಂ. ಗ್ವಾಡಿ ಜಿಗಿದು ಬಂದೆ ಅಂತ ಬೇಕಾದ್ರ ಹೇಳ್ತೇನಿ. ನನ್ನಿಂದ ನಿಮಗ್ಯಾಕ ತ್ರಾಸು.”

ಒಂದು ಕ್ಷಣ ಅರುಣಾಳಿಗೆ ಆಸೆಯಾಯಿತು. ಆಗಲಿಲ್ಲವೆಂದರೆ ಸುಳ್ಳು. ಇಲಾಖಾ ವಿಚಾರಣೆ, ಅಮಾನತು, ಪತ್ರಿಕೆಯವರು, ಎಲ್ಲ ಕಣ್ಣ ಮುಂದೆ ಬಂದವು. ಆದರೆ ಈ ಮನುಷ್ಯ ಬೇಡವೆಂಬ ಮಾತು ಹೇಳಲಾರದೆ ಕಾರು ಬಿಟ್ಟುಕೊಟ್ಟವನು. ಈಗ ತನಗೂ ಅದೇ ದಾಕ್ಷಿಣ್ಯ ತೋರುತ್ತಿದ್ದಾನೆ. ಕಾರಿನ ಬಳಿ ಅವನನ್ನು ಬಿಟ್ಟದ್ದು ಯಾರು, ಎಷ್ಟು ಗಂಟೆಗೆ ಎಂಬುದು ದಾಖಲೆಯಲ್ಲಿ ಇಲ್ಲದಿದ್ದರೆ ಆರ್ಮ್ ಬದಲಾಯಿತೆಂದು ನ್ಯಾಯಾಲಯ ನಂಬುವುದಾದರೂ ಹೇಗೆ? ಅವಳು ಕೇಸ್ ಡೈರಿ ಎಳೆದುಕೊಂಡು ತನ್ನ ಕೈಯಿಂದಲೇ ಬರೆದಳು: ‘ದಿನಾಂಕ 3ರಂದು 10-20ಕ್ಕೆ, ತನಿಖಾಧಿಕಾರಿಯಾದ ನನ್ನ ಅನುಮತಿಯಿಂದ, ಯಾವುದೇ ಕಾವಲಿಲ್ಲದೆ.’ ಕೆಳಗೆ ಸಹಿ ಹಾಕಿದಳು.

ಮಧ್ಯಾಹ್ನ 1-15ಕ್ಕೆ ಸಿದ್ಧಾರೂಢನನ್ನು, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಮತ್ತು ಸಾಕ್ಷ್ಯ ಅಳಿಸಿದ ಆರೋಪದ ಮೇಲೆ ಬಂಧಿಸಲಾಯಿತು. ಬೀರೇಶನ ಬಿಡುಗಡೆ ಕೋರಿ ನ್ಯಾಯಾಲಯಕ್ಕೆ ವರದಿ ಸಿದ್ಧವಾಯಿತು. ದುಡ್ಡಿನಾಸೆಯಿಲ್ಲ, ಹಗೆಯಿಲ್ಲ. ಇನ್ನೊಬ್ಬರ ಮುಖ ಬಾಡುವುದನ್ನು ನೋಡಲಾರದವನ ಮೆತ್ತಗಿನ ಮನಸ್ಸು ಒಂದು ಜೀವ ತೆಗೆದು, ಇನ್ನೊಂದನ್ನು ಜೈಲಿಗೆ ಹಾಕಿತ್ತು.

ಅರುಣಾ ಹೊರಗೆ ಬಂದಾಗ ಮಲ್ಲಕ್ಕ ಎದ್ದು ನಿಂತಳು. “ಸಿದ್ಧಾರೂಢಪ್ಪ ಎಲ್ಲದಾನ್ರಿ? ಊರಿಗೆ ಹೋಗೂಣು ಅಂದಿದ್ದ.”

ಅರುಣಾ ಗಿಡದ ಕೆಳಗೆ ಅವಳ ಬಾಜು ಕೂತು ಎಲ್ಲ ಹೇಳಿದಳು. ಪ್ಲಾಸ್ಟಿಕ್ ಚೂರು, ಪೂಜೆ, ನಿನ್ನ ಮಗ ಹೇಳಿದ್ದೆಲ್ಲ ಖರೆ ಎಂಬುದು, ಇನ್ನೆರಡು ದಿನದಲ್ಲಿ ಅವನು ಬರುತ್ತಾನೆಂಬುದು. ಮಲ್ಲಕ್ಕ ಬೈಯಲಿಲ್ಲ.

“ಹಾದಿ ತುಂಬ ಮಾತಾಡತಿದ್ದಿಲ್ರಿ ಅಂವ. ನನ್ನ ಸಂಕಟಾ ನೋಡಿ ಮರಗತಾನ ಅಂತ ತಿಳಿದಿದ್ದೆ.” ಆಮೇಲೆ ಕೇಳಿದಳು, “ನಿಮಗೂ ಗೊತ್ತಿದ್ದಿಲ್ಲೇನ್ರಿ?”

“ಗೊತ್ತ ಮಾಡ್ಕೊಳ್ಳಲಿಲ್ಲವ್ವ. ಆ ಚೂರು ಮೊದಲನೇ ದಿನಾನ ನನ್ನ ಕಾಲಾಗ ಬಿದ್ದಿತ್ತು.”

ಮಲ್ಲಕ್ಕ ಸೆರಗು ಕೊಡವಿ ಎದ್ದಳು. ಜೀಪಿನಲ್ಲಿ ಊರಿಗೆ ಬಿಡುತ್ತೇನೆಂದರೆ ಒಲ್ಲೆ ಎಂದು, ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದಳು.