ಬಂದ ದಾರಿ ಸಿಗದ ಸಂತೆ

ಬಹಳ ಹಿಂದೆ, ಸಮುದ್ರದಾಚೆಯ ಸಯಾಮ ರಾಜ್ಯದಲ್ಲಿ, ಹನ್ನೆರಡು ವರ್ಷಕ್ಕೊಮ್ಮೆ ಒಂದು ರಾತ್ರಿಸಂತೆ ಕೂಡುತ್ತಿತ್ತು. ಹೊತ್ತು ಮುಳುಗಿದ ಮೇಲೆ ಹೊಳೆಯ ದಂಡೆಯಲ್ಲಿ ತಾನಾಗಿ ಒಂದು ಬೀದಿ ಹುಟ್ಟುತ್ತಿತ್ತು. ಬೆಳಗಾದರೆ ಅಲ್ಲಿ ಬರೀ ಮರಳು. ಬೀದಿಯುದ್ದಕ್ಕೂ ಕೆಂಪು, ಹಸಿರು, ನೀಲಿ ಗೂಡುದೀಪಗಳು ತೂಗುತ್ತಿದ್ದವು. ಅವಕ್ಕೆ ಎಣ್ಣೆ ಹೊಯ್ಯುವವರನ್ನು ಮಾತ್ರ ಯಾರೂ ಕಂಡಿರಲಿಲ್ಲ. ಅಲ್ಲಿ ಯಾವ ದೇಶದವರ ಮಾತೂ ಎಲ್ಲರಿಗೂ ಅರ್ಥವಾಗುತ್ತಿತ್ತು.

ಅಂಥದೊಂದು ರಾತ್ರಿ ಜಟ್ಟಪ್ಪ ಎಂಬವನು ತನ್ನಿಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಆ ಸಂತೆಗೆ ಹೋದ. ಅವನು ಕನ್ನಡ ಕರಾವಳಿಯವನು, ಹಡಗಿನ ಹಾಯಿ ಹೊಲಿಯುವವನು. ಹೆಂಡತಿ ತೀರಿಕೊಂಡ ಮೇಲೆ ಮಕ್ಕಳನ್ನೂ ಹಡಗು ಹತ್ತಿಸಿಕೊಂಡಿದ್ದ. ದೊಡ್ಡವಳು ಹೊನ್ನಿಗೆ ಹತ್ತು ವರ್ಷ, ಚಿಕ್ಕವಳು ಸಾತಿಗೆ ಆರು. ಜಟ್ಟಪ್ಪ ಕೆಟ್ಟವನಲ್ಲ, ಅವಸರದವನು. ಬೀದಿಯ ಆ ತುದಿಯಲ್ಲಿ ಒಂದು ಮಾಯಾಸೂಜಿ ಸಿಗುತ್ತದೆ, ಅದರಲ್ಲಿ ಹೊಲಿದ ಹಾಯಿ ಎಂಥ ಬಿರುಗಾಳಿಗೂ ಹರಿಯುವುದಿಲ್ಲ ಎಂದು ಯಾರೋ ಹೇಳಿದ್ದರು. ಅವನ ಮನಸ್ಸೆಲ್ಲ ಆ ತುದಿಯಲ್ಲೇ ಇತ್ತು.

ಬೀದಿಯ ಬಾಯಲ್ಲಿ ಮಲ್ಲಿಗೆ ಮಾಲೆ ಮಾರುತ್ತಿದ್ದ ಮುದುಕಿ ಅವನನ್ನು ತಡೆದಳು.

"ಮಗಾ, ಇದು ಮೋಕ ಅನ್ನೋ ಮಾಂತ್ರಿಕನ ಸಂತೆ. ಇಲ್ಲಿ ಬಂದ ದಾರಿ ಮತ್ತೆ ಸಿಗಲ್ಲ. ಮಕ್ಕಳು ಕೇಳಿದ್ದನ್ನ ಕೊಡೋದಾದ್ರೆ ಕೇಳಿದಲ್ಲೇ ಕೊಡು. ಇಲ್ಲಾಂದ್ರೆ ಇಲ್ಲ ಅನ್ನು. ಆಮೇಲೆ ಅಂತ ಮಾತ್ರ ಅನ್ನಬೇಡ."

"ಆಯ್ತಜ್ಜಿ, ಆಯ್ತು," ಎಂದ ಜಟ್ಟಪ್ಪ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

ಮೊದಲ ಅಂಗಡಿಯಲ್ಲಿ ಒಬ್ಬಾಕೆ ತೆಂಗಿನಹಾಲು ಬೆರೆಸಿದ ಹಿಟ್ಟಿನಲ್ಲಿ ಪಡ್ಡು ಹೊಯ್ಯುತ್ತಿದ್ದಳು. ಘಮಘಮ ಪರಿಮಳ. ಸಾತಿ ಅಪ್ಪನ ಪಂಚೆಯ ಚುಂಗು ಎಳೆದಳು.

"ಅಪ್ಪಾ, ನಂಗೆ ಪಡ್ಡು."

"ಇನ್ನೂ ಬೆಂದಿಲ್ಲ ಪುಟ್ಟಾ. ಬರೋವಾಗ ಕೊಡಿಸ್ತೀನಿ, ನಡಿ."

ಅವರು ಮುಂದೆ ನಡೆದರು. ಬೆನ್ನ ಹಿಂದೆ ಅಂಗಡಿ ಸದ್ದಿಲ್ಲದೆ ಮಾಯವಾಯಿತು.

ಎರಡನೆಯ ಅಂಗಡಿಯಲ್ಲಿ ಮರದ ಕಪ್ಪೆಗಳಿದ್ದವು. ಬೆನ್ನಿನ ಏಣುಗಳ ಮೇಲೆ ಕಡ್ಡಿ ಎಳೆದರೆ ವಟರ್ ವಟರ್ ಎನ್ನುತ್ತಿದ್ದವು. ಸಾತಿ ಮತ್ತೆ ಚುಂಗು ಎಳೆದಳು.

"ಅಪ್ಪಾ, ನಂಗೆ ಕಪ್ಪೆ."

"ಬರೋವಾಗ ತಗೊಳ್ಳೋಣ, ನಡಿ."

ಮೂರನೆಯ ಕಡೆ ತೊಗಲುಬೊಂಬೆ ಆಟ ನಡೆದಿತ್ತು. ಎದುರಿಗೆ ದೊಡ್ಡವರ ಗೋಡೆ. ಸಾತಿಗೆ ಕಂಡದ್ದು ಬರೀ ಬೆನ್ನುಗಳು.

"ಅಪ್ಪಾ, ಕಾಣಲ್ಲ. ಎತ್ಕೋ."

"ಬರೋವಾಗ ಎತ್ಕೋತೀನಿ."

ಹೊನ್ನಿ ತಿರುಗಿ ನೋಡಿದಳು. "ಅಪ್ಪಾ, ಆ ಅಜ್ಜಿ ಏನು ಹೇಳಿದ್ರು?"

"ನೀನೊಬ್ಳು ಬಾಕಿ ಇದ್ದೆ ನಂಗೆ ಬುದ್ಧಿ ಹೇಳೋಕೆ! ಮುಂದೆ ನೋಡ್ಕೊಂಡು ನಡಿ."

ಆಮೇಲೆ ಯಾರೂ ಪಂಚೆ ಎಳೆಯಲಿಲ್ಲ. ಚಿಕ್ಕವಳು ಕೊನೆಗೂ ಹಟ ಬಿಟ್ಟಳು ಎಂದು ಜಟ್ಟಪ್ಪನಿಗೆ ಖುಷಿಯಾಯಿತು. ಆ ಖುಷಿಯನ್ನು ಅವನು ಸಾಯುವವರೆಗೆ ಮರೆಯಲಿಲ್ಲ.

ಬೀದಿಯ ತುದಿಯಲ್ಲಿ ತೆಳ್ಳನೆಯ ಮುದುಕನೊಬ್ಬ ಸೂಜಿ ಹಿಡಿದು ಕೂತಿದ್ದ. ಅವನೇ ಮೋಕ.

"ಇದಕ್ಕೇನು ಕೊಡಲಿ ಸ್ವಾಮಿ?"

"ಆಗಲೇ ಕೊಟ್ಟಾಯ್ತಲ್ಲ," ಎಂದ ಮೋಕ ನಗುತ್ತ. "ಮೂರು ಸಲ ಬರೋವಾಗ ಅಂದವನ ಮಗು ನನ್ನದು. ಈ ಬೀದಿಗೆ ಬೆಳಕು ಎಲ್ಲಿಂದ ಬರುತ್ತೆ ಅಂದ್ಕೊಂಡೆ?"

ಜಟ್ಟಪ್ಪ ತಿರುಗಿದ. ಸಾತಿ ಇರಲಿಲ್ಲ. ತಲೆಯ ಮೇಲೆ ಪುಟ್ಟ ಹಳದಿ ಗೂಡುದೀಪವೊಂದು ತೂಗುತ್ತಿತ್ತು. ಅದು ಸಾತಿಯ ಲಂಗದ ಹಳದಿ. ಅವನು ಮೋಕನ ಕಾಲಿಗೆ ಬಿದ್ದ, ಸೂಜಿ ಬೇಡ ಎಂದ, ನನ್ನನ್ನೇ ದೀಪ ಮಾಡು ಎಂದ. ಹೊನ್ನಿ ಬಿಕ್ಕಿ ಬಿಕ್ಕಿ ಅತ್ತಳು.

"ಅವಳು ಕೇಳಿದ ಮೂರನ್ನೂ ಕೇಳಿದಲ್ಲೇ ಕೊಟ್ಟರೆ ಬಿಡ್ತೀನಿ," ಎಂದ ಮೋಕ. "ಆದರೆ ಆ ಅಂಗಡಿಗಳು ಈಗೆಲ್ಲಿ? ಹನ್ನೆರಡು ವರ್ಷ ಬಿಟ್ಟು ಬಾ."

ಕೋಳಿ ಕೂಗಿತು. ಅಪ್ಪ ಮಗಳು ಬರೀ ಮರಳಿನ ಮೇಲೆ ನಿಂತಿದ್ದರು. ಜಟ್ಟಪ್ಪನ ಕೈಯಲ್ಲಿ ಸೂಜಿ ಇತ್ತು.

ಹಡಗು ಹೊರಟುಹೋಯಿತು, ಅವನು ಹೋಗಲಿಲ್ಲ. ಆ ಬಂದರಿನಲ್ಲೇ ಕಂಡವರ ಹಾಯಿ ಹೊಲಿಯುತ್ತ ಹೊನ್ನಿಯನ್ನು ಬೆಳೆಸಿದ, ಮದುವೆ ಮಾಡಿಕೊಟ್ಟ. ಮಾಯಾಸೂಜಿಗೆ ಒಂದು ದಿನವೂ ದಾರ ಪೋಣಿಸಲಿಲ್ಲ. ಯಾವ ಮಗು ಏನು ಕೇಳಿದರೂ ಕೆಲಸ ಬಿಟ್ಟು ಏಳುತ್ತಿದ್ದ. ಊರ ಮಕ್ಕಳಿಗೆಲ್ಲ ಅವನೆಂದರೆ ಪ್ರಾಣ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ.

ಹನ್ನೆರಡು ವರ್ಷ ತುಂಬಿದ ಸಂಜೆ ಹೊಳೆದಂಡೆಯಲ್ಲಿ ಮತ್ತೆ ಬೀದಿ ಹುಟ್ಟಿತು. ಅದರ ಬಾಯಲ್ಲೇ ಹಳದಿ ದೀಪ ತೂಗುತ್ತಿತ್ತು. ಜಟ್ಟಪ್ಪ ಅದನ್ನು ಇಳಿಸಿ ಎದೆಗವಚಿಕೊಂಡು ಒಳಗೆ ಹೋದ.

ಪಡ್ಡಿನ ಅಂಗಡಿಯ ಮುಂದೆ ನಿಂತ. ಮೋಕ ಕಳಿಸಿದ ಹುಲಿಯೊಂದು ಹಿಂದಿನಿಂದ ಅವನ ಕತ್ತಿಗೆ ಬಿಸಿ ಉಸಿರು ಬಿಟ್ಟು ಗುಡುಗಿತು.

"ನಡಿ, ಹೊತ್ತಾಯ್ತು!"

"ಇವಳದು ಬೇಯಲಿ," ಎಂದ ಜಟ್ಟಪ್ಪ. ಕೊನೆಯ ಪಡ್ಡು ಕೆಂಪಗಾಗುವವರೆಗೂ ಕದಲಲಿಲ್ಲ. ಹುಲಿ ಹೊಗೆಯಾಯಿತು.

ಕಪ್ಪೆಯ ಅಂಗಡಿಯಲ್ಲಿ ಹೆಬ್ಬಾವೊಂದು ಅವನ ಮೊಣಕಾಲು ಸುತ್ತಿ ಬಿಗಿಯಿತು.

"ನಡಿ, ಹೊತ್ತಾಯ್ತು!"

"ಇವಳದು ಆಗಲಿ." ಕೆತ್ತುವವನು ಕಪ್ಪೆಯ ಎರಡನೆಯ ಕಣ್ಣು ಮೂಡಿಸುವವರೆಗೂ ನಿಂತ. ಹಾವು ಹೊಗೆಯಾಯಿತು. ಅವನ ಮೊಣಕಾಲು ಮಾತ್ರ ಮತ್ತೆ ಸರಿಹೋಗಲಿಲ್ಲ.

ಬೊಂಬೆಯಾಟದ ಮುಂದೆ ದೀಪವನ್ನು ಹೆಗಲಿಗೇರಿಸಿದ. ಅದು ಗುಂಡುಕಲ್ಲಿನಷ್ಟು ಭಾರವಾಯಿತು. ಮೋಕನೇ ಬಂದು ಕಿವಿಯಲ್ಲಿ ಹೇಳಿದ, "ಇಳಿಸು ಮಾರಾಯ. ಬರೋವಾಗ ಎತ್ತಿಕೊಂಡರಾಯ್ತು."

"ಬರೋದು ಅಂತ ಇಲ್ಲವಲ್ಲ," ಎಂದ ಜಟ್ಟಪ್ಪ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬೊಂಬೆಗಳ ರಾಜ ಗೆದ್ದು, ಮದುವೆಯಾಗಿ, ಮಂಗಳ ಹಾಡುವವರೆಗೂ ಅವನು ಹೆಗಲು ಇಳಿಸಲಿಲ್ಲ.

ಪಟ್ಟೆಂದು ದೀಪ ಒಡೆಯಿತು. ಅದರ ಹಿಂದೆಯೇ ಬೀದಿಯ ದೀಪಗಳೆಲ್ಲ ಒಡೆದವು. ಬೀದಿ ತುಂಬ ಮಕ್ಕಳು; ಕೆಲವು ಮಕ್ಕಳ ತಲೆ ನರೆತಿತ್ತು. ಬೆಳಕಿಲ್ಲದೆ ಮೋಕ ಬೆಳಗಿನ ಮಂಜಿನ ಹಾಗೆ ಕರಗಿಹೋದ.

ಜಟ್ಟಪ್ಪನ ಹೆಗಲಿನಿಂದ ಇಳಿದು ನಿಂತವಳು ಹದಿನೆಂಟರ ಹೆಣ್ಣು. ಅವನಿಗಿಂತ ಒಂದು ಗೇಣು ಎತ್ತರ.

"ನೋವಾಯ್ತಾ ಮಗಳೇ ಒಳಗೆ?"

"ಇಲ್ಲಪ್ಪಾ. ಕಾಯ್ತಾ ಇದ್ದೆ, ಅಷ್ಟೆ."

ಅವನು ಪಡ್ಡಿನ ದೊನ್ನೆ ಚಾಚಿದ. ಅವಳು ಒಂದು ತಿಂದು, "ಚೆನ್ನಾಗಿದೆ," ಎಂದಳು. ಉಳಿದದ್ದನ್ನೂ ಮರದ ಕಪ್ಪೆಯನ್ನೂ ಪಕ್ಕದಲ್ಲಿ ಕಣ್ಣುಜ್ಜಿಕೊಳ್ಳುತ್ತಿದ್ದ, ಆ ರಾತ್ರಿಯಷ್ಟೇ ದೀಪವಾಗಿದ್ದ ಪುಟ್ಟ ಮಗುವಿಗೆ ಕೊಟ್ಟಳು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ.

ಅಗಲಿದವರೆಲ್ಲ ಮನೆ ಸೇರಿದರು. ಹೊನ್ನಿ ತಂಗಿಯನ್ನು ತಬ್ಬಿ ಮೂರು ದಿನ ಬಿಡಲಿಲ್ಲ. ರಾಜ್ಯವೆಲ್ಲ ಸುಖವಾಗಿತ್ತು. ಜಟ್ಟಪ್ಪನೂ ಸುಖವಾಗಿದ್ದ ಎಂದೇ ಕತೆ ಹೇಳುವವರು ಹೇಳುತ್ತಾರೆ. ಸುಳ್ಳಲ್ಲ. ಆದರೆ ಆ ಬೆಳಗ್ಗೆ ಮರಳಿನಲ್ಲಿ ಮನೆಗೆ ನಡೆದು ಬರುವಾಗ ನಡೆದದ್ದನ್ನು ಅವರು ಬಿಟ್ಟುಬಿಡುತ್ತಾರೆ.

ಕುಂಟುತ್ತಿದ್ದ ಅಪ್ಪನ ತೋಳನ್ನು ಸಾತಿ ಹಿಡಿದುಕೊಂಡಿದ್ದಳು. ಅವನು ನಿಂತು, ಬಗ್ಗಿ, ಬೆನ್ನು ಕೊಟ್ಟು ಕೇಳಿದ, "ಸುಸ್ತಾಯ್ತಾ ಪುಟ್ಟಾ? ಎತ್ಕೊಳ್ಳಲಾ?"

ಸಾತಿ ಅವನನ್ನು ಮೆಲ್ಲಗೆ ಹಿಡಿದು ನೆಟ್ಟಗೆ ನಿಲ್ಲಿಸಿದಳು.

"ಬರೋವಾಗ ಎತ್ಕೊಳ್ಳುವಿಯಂತೆ ಅಪ್ಪಾ," ಎಂದಳು, ಅವನ ಮನಸ್ಸು ನೋಯಬಾರದೆಂದು.